ಬೆಂಗಳೂರಿನ ಹೊರವಲಯದ ಕೆರೆಗಳು: ಪರಿಸರ ಸೇವೆಗಳ ನಕ್ಷೆ ಮತ್ತು ಮೌಲ್ಯಮಾಪನದ ಇತಿಹಾಸ

ಕೆರೆ, ಗೋಮಾಳ, ಗುಂಡುತೋಪುಗಳಿಂದ ಜನರಿಗೆ ಸಿಗುವ ನೀರು, ಮೇವು, ಮೀನು, ಅಂತರ್ಜಲ, ನೆರೆಯಿಂದ ರಕ್ಷಣೆ ಇವನ್ನೆಲ್ಲ ಒಟ್ಟಾಗಿ ಪರಿಸರ ವ್ಯವಸ್ಥೆಯ ಸೇವೆಗಳು ಎನ್ನುತ್ತಾರೆ. ಇವುಗಳಿಗೆ ಬೆಲೆ ಕಟ್ಟುವ ಕೆಲಸ ಜಗತ್ತಿನ ಗಮನ ಸೆಳೆದದ್ದು 1997ರಲ್ಲಿ. ಆ ವರ್ಷ ರಾಬರ್ಟ್ ಕೊಸ್ಟಾಂಝಾ ಮತ್ತು ಸಂಗಡಿಗರು ಭೂಮಿಯ ಪರಿಸರ ಸೇವೆಗಳು ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಬಾಳುತ್ತವೆಂದು ಅಂದಾಜಿಸಿದರು. ಆದರೆ ಇಂದಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಇರುವ ಸೀಮೆಗೆ ಇಂಥ ಲೆಕ್ಕ ಹೊಸದಲ್ಲ. ಹಿಂದೆ ಕೆರೆಯ ತೂಬಿನಿಂದ ನೀರುಣ್ಣುವ ತರಿ ಜಮೀನಿಗೆ ಮಳೆಯನ್ನೇ ನಂಬಿದ ಖುಷ್ಕಿಗಿಂತ ಹೆಚ್ಚು ಕಂದಾಯವಿತ್ತು. ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವಾಗ ನೀರೆಂಬುದನ್ನು ನೀರಗಂಟಿ ನೋಡಿಕೊಳ್ಳುತ್ತಿದ್ದ. ಕೆರೆಯ ಉಪಕಾರ ಸರ್ಕಾರದ ಲೆಕ್ಕಕ್ಕೆ ಬರುತ್ತಿದ್ದದ್ದು ಗದ್ದೆಯ ಮೂಲಕ. ಈ ಪ್ರದೇಶದ ಕೆರೆಗಳಿಗೆ ಬಂದ ಆಪತ್ತಿನ ಮೂಲ ಇಲ್ಲಿಯೇ ಇದೆ ಎನ್ನಬಹುದು. ಗದ್ದೆ ಹೋದೊಡನೆ ಕೆರೆಯೂ ಲೆಕ್ಕದಿಂದ ಬಿದ್ದುಹೋಯಿತು.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಐಟಿ ಪಾರ್ಕ್ ಎದ್ದಿತು. ಎಕರೆಯಲ್ಲಿ ಅಳೆಯುತ್ತಿದ್ದ ನೆಲ ಚದರಡಿಗೆ ಇಳಿಯಿತು. ಅಚ್ಚುಕಟ್ಟುಗಳು ಬಡಾವಣೆಗಳಾದವು, ಕಂದಾಯವಿಲ್ಲದೆ ‘ಬಿ ಖರಾಬು’ ಎಂದು ದಾಖಲಾಗಿದ್ದ ಕಾಲುವೆಗಳನ್ನು ಕೇಳುವವರು ಕಡಿಮೆಯಾದರು. ಕೆರೆಗಳನ್ನು ಉಳಿಸಿಕೊಳ್ಳಬೇಕೆಂದು ಎನ್. ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. ನಷ್ಟ ಎಷ್ಟೆಂಬುದನ್ನು ಉಪಗ್ರಹ ಚಿತ್ರಗಳಿಂದ ತೋರಿಸಿಕೊಟ್ಟದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ: 1973ರಿಂದ 2016ರವರೆಗೆ ಬೆಂಗಳೂರಿನ ಜಲಪ್ರದೇಶ ಶೇ. 79ರಷ್ಟು, ಹಸಿರು ಶೇ. 88ರಷ್ಟು ಕುಗ್ಗಿತ್ತು.

ಬೆಲೆ ಕಟ್ಟುವ ಪ್ರಯತ್ನವನ್ನೂ ಇದೇ ತಂಡ ಮಾಡಿತು. 2005ರಲ್ಲಿ ಪ್ರಕಟವಾದ ಅದರ ಅಧ್ಯಯನದಂತೆ, ಹೆಚ್ಚು ಕೆಡದ ಕೆರೆಯೊಂದರಿಂದ ಹೆಕ್ಟೇರಿಗೆ ದಿನಕ್ಕೆ 10,435 ರೂಪಾಯಿಯ ಉಪಯೋಗ ಸಿಗುತ್ತಿತ್ತು. ನಗರದ ಕೊಳಚೆ ತುಂಬಿದ ವರ್ತೂರು ಕೆರೆಯಿಂದ ಕೇವಲ 118.90 ರೂಪಾಯಿ. ಇಲ್ಲೊಂದು ಬಲವಾದ ಆಕ್ಷೇಪ ಏಳುತ್ತದೆ. ಪ್ರಕೃತಿಗೆ ಬೆಲೆ ಕಟ್ಟಿದರೆ ಮಾರಾಟಕ್ಕಿಟ್ಟಂತಾಗುವುದಿಲ್ಲವೇ? ಹೆಕ್ಟೇರಿಗೆ ದಿನಕ್ಕೆ ನೂರಿಪ್ಪತ್ತು ರೂಪಾಯಿಯೂ ಬಾಳದ ನೀರನ್ನು ಮುಚ್ಚಿ ಕಟ್ಟಡ ಕಟ್ಟುವುದೇ ಲಾಭವೆಂದು ಯಾರಾದರೂ ವಾದಿಸಬಹುದು. ಈ ಭಯ ನಿಜವಾದದ್ದು. ಆದರೆ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಅವುಗಳ ನಡುವಿನ ಸುಮಾರು 88 ಪಟ್ಟು ಅಂತರ ವರ್ತೂರಿನ ಯೋಗ್ಯತೆಯನ್ನು ಅಳೆಯುವುದಿಲ್ಲ; ಕೊಳಚೆ ಬಿಟ್ಟ ನಗರ ಆ ಕೆರೆಗೆ ಎಷ್ಟು ಬಾಕಿ ತೀರಿಸಬೇಕೆಂಬುದನ್ನು ಅಳೆಯುತ್ತದೆ.

ಆಕ್ಷೇಪದಲ್ಲಿ ಒಪ್ಪಬೇಕಾದ ಮಾತೂ ಇದೆ. ಒಂದೊಂದೇ ಕೆರೆಗೆ ಪ್ರತ್ಯೇಕವಾಗಿ ಬೆಲೆ ಕಟ್ಟುವುದು ಅಪಾಯ, ಏಕೆಂದರೆ ಇಲ್ಲಿನ ಕೆರೆ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಮೇಲಿನ ಕೆರೆ ಕೋಡಿ ಬಿದ್ದ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಪೀಣ್ಯದ ಕೈಗಾರಿಕೆಗಳ ಕಲುಷಿತ ನೀರು ವೃಷಭಾವತಿ ನದಿ ಸೇರಿ ಬೈರಮಂಗಲದ ಗದ್ದೆಗಳವರೆಗೆ ಹರಿದಿದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸುತ್ತಿದೆ. ಹೀಗಿರುವಾಗ ಪಾಲಿಕೆಯ ಗಡಿಗೆ ನಿಂತುಬಿಡುವ ನಕ್ಷೆಯಲ್ಲಿ ಕೋಲಾರದ ಫಲಾನುಭವಿಯೂ ಕಾಣುವುದಿಲ್ಲ, ಬೈರಮಂಗಲದ ನಷ್ಟವೂ ಕಾಣುವುದಿಲ್ಲ. ನಕ್ಷೆ ಕಣಿವೆಯದಾಗಬೇಕು, ಅದರಲ್ಲಿ ಏರಿ, ಕೋಡಿ, ಕಾಲುವೆ ಮೂರೂ ಇರಬೇಕು.

ಐಟಿ ಉದ್ಯೋಗ ಕೊಡುವ ಆದಾಯದ ಮುಂದೆ ಕೆರೆಯ ಮೇವು, ಮೀನು ಯಾವ ಲೆಕ್ಕ ಎಂಬುದು ಇನ್ನೊಂದು ವಾದ. ಇದಕ್ಕೆ ಉತ್ತರ ಉದ್ಯಮಗಳ ಬಾಯಿಂದಲೇ ಬಂದಿದೆ. 2022ರ ಆಗಸ್ಟ್ 30ರಂದು ಹೊರವರ್ತುಲ ರಸ್ತೆ ಜಲಾವೃತವಾಗಿ ಒಂದೇ ದಿನ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಬರೆಯಿತು. ಮಳೆ ಜೋರಾಗಿತ್ತು, ನಿಜ. ಆದರೆ ಹೆಚ್ಚುವರಿ ನೀರನ್ನು ಹಿಡಿದಿಟ್ಟು ಮೆಲ್ಲನೆ ಬಿಡುವುದೇ ಕೆರೆ ಸರಪಳಿಯ ಕೆಲಸವಾಗಿತ್ತು. ಮೇವು ಮೀನುಗಳ ಪಟ್ಟಿಯಲ್ಲಿ ಈ ಸೇವೆ ಬರುವುದೇ ಇಲ್ಲ.

ನಿಯಮಗಳು ಮಾತ್ರ ಹಿಂದೆ ಮುಂದೆ ತೂಗಾಡಿವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯ ವಿಧಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2014ರ ಕಾಯ್ದೆಯಿಂದ ಹುಟ್ಟಿದ ಕೆರೆ ಪ್ರಾಧಿಕಾರವನ್ನು 2018ರಲ್ಲಿ ಮುಚ್ಚಿ ಅದರ ಹೊಣೆಯನ್ನು ಸಣ್ಣ ನೀರಾವರಿ ಇಲಾಖೆಗೆ ಒಪ್ಪಿಸಲಾಯಿತು. 2021ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಪರಿಸರ ವ್ಯವಸ್ಥೆಗಳ ಲೆಕ್ಕಪತ್ರಕ್ಕೆ ಅಂತರರಾಷ್ಟ್ರೀಯ ಚೌಕಟ್ಟನ್ನು ಅಂಗೀಕರಿಸಿದ್ದರಿಂದ ವಿಧಾನ ಗೊತ್ತಿಲ್ಲವೆಂಬ ನೆಪ ಉಳಿದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದಲೇ ಅಂಥ ಲೆಕ್ಕ ಆರಂಭವಾಗಲಿ. ಬಡಾವಣೆಗೆ ಅನುಮತಿ ಕೊಡುವ ಮುನ್ನ ಅಧಿಕಾರಿಗಳು ಅದನ್ನು ತೆರೆದು ನೋಡಲೇಬೇಕೆಂಬ ಕಟ್ಟಳೆಯೂ ಬರಲಿ.