ಬಿಸಿಲಿಗೆ ತಿರುಗುವ ಒಂದು ಅಣು, ಸುಮ್ಮನಾಗುವ ರೋಗನಿರೋಧಕ ಶಕ್ತಿ

ನಾಯಿಯ ಮೂತ್ರದಲ್ಲಿ ಮೊದಲು ಸಿಕ್ಕ ಅಣುವೊಂದು ನಿಮ್ಮ ಚರ್ಮದ ಮೇಲ್ಪದರದಲ್ಲೂ ಇದೆ. ಜರ್ಮನಿಯ ವಿಜ್ಞಾನಿ ಮ್ಯಾಕ್ಸ್ ಯಾಫೆ 1874ರಲ್ಲಿ ಅದನ್ನು ಗುರುತಿಸಿದರು. ಲ್ಯಾಟಿನ್‌ನಲ್ಲಿ ಮೂತ್ರಕ್ಕೂ ನಾಯಿಗೂ ಇರುವ ಪದಗಳನ್ನು ಸೇರಿಸಿ ಯುರೋಕ್ಯಾನಿಕ್ ಆಸಿಡ್ ಅಂತ ಹೆಸರಿಟ್ಟರು. ಚರ್ಮದ ವಿಷಯದಲ್ಲಿ ಈ ಹೆಸರು ಮಹತ್ವ ಪಡೆಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯ್ತು.

ಚರ್ಮದ ಹೊರಪದರದಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನ್ ಒಡೆದಾಗ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೊರಬರುತ್ತೆ. ಕಿಣ್ವವೊಂದು ಅದನ್ನು ಯುರೋಕ್ಯಾನಿಕ್ ಆಸಿಡ್ ಮಾಡುತ್ತೆ. ಲಿವರ್‌ನಲ್ಲಾದರೆ ಇದನ್ನು ಮುಂದಕ್ಕೆ ಒಡೆಯೋಕೆ ಇನ್ನೊಂದು ಕಿಣ್ವ ಇದೆ, ಚರ್ಮದಲ್ಲಿ ಇಲ್ಲ. ಹಾಗಾಗಿ ಅದು ಅಲ್ಲೇ ಶೇಖರವಾಗುತ್ತೆ.

ಈಗ ಬಿಸಿಲಿಗೆ ಬನ್ನಿ. ಈ ಅಣುವಿನ ಮಧ್ಯೆ ಎರಡು ಕಾರ್ಬನ್‌ಗಳ ನಡುವೆ ಜೋಡಿ ಬಂಧವಿದೆ. ಸಾಮಾನ್ಯವಾಗಿ ಅಣುವಿನ ಎರಡು ತುದಿಗಳು ಈ ಬಂಧದ ಆಚೆ-ಈಚೆ ಇರುತ್ತವೆ, ಇದು ಟ್ರಾನ್ಸ್ ರೂಪ. ನೇರಳಾತೀತ ಕಿರಣ ಬಿದ್ದಾಗ ಬಂಧ ಕ್ಷಣಕಾಲ ಸಡಿಲವಾಗಿ ಒಂದು ತುದಿ ತಿರುಗುತ್ತೆ, ಎರಡೂ ಒಂದೇ ಕಡೆ ಬರುತ್ತವೆ. ಇದು ಸಿಸ್ ರೂಪ. ಪರಮಾಣುಗಳು ಅವೇ, ತೂಕವೂ ಅದೇ, ಆಕಾರ ಮಾತ್ರ ಬೇರೆ. ಇಂಜಿನಿಯರಿಂಗ್ ಭಾಷೆಯಲ್ಲಿ ಇದು ಒಂದು ಸ್ವಿಚ್. ಆದರೆ ಕತ್ತಲಾದ ತಕ್ಷಣ ತಾನಾಗೇ ಆಫ್ ಆಗೋ ಸ್ವಿಚ್ ಅಲ್ಲ: ಸಿಸ್ ರೂಪ ಹಲವು ದಿನ ಚರ್ಮದಲ್ಲೇ ಉಳಿಯುತ್ತೆ.

ಅದಕ್ಕೂ ರೋಗನಿರೋಧಕ ಶಕ್ತಿಗೂ ಏನು ಸಂಬಂಧ? 1970ರ ದಶಕದಲ್ಲಿ ಅಮೆರಿಕದ ಮಾರ್ಗರೆಟ್ ಕ್ರಿಪ್ಕೆ ಒಂದು ವಿಚಿತ್ರ ಗಮನಿಸಿದರು. ನೇರಳಾತೀತ ಬೆಳಕಿನಿಂದ ಇಲಿಯಲ್ಲಿ ಹುಟ್ಟಿದ ಗೆಡ್ಡೆಯನ್ನು ಬೇರೆ ಆರೋಗ್ಯವಂತ ಇಲಿಗೆ ಕಸಿ ಮಾಡಿದರೆ ಅದರ ದೇಹ ಗೆಡ್ಡೆಯನ್ನು ಹೊಡೆದುಹಾಕುತ್ತಿತ್ತು. ಮೊದಲೇ ಬೆಳಕಿಗೆ ಒಡ್ಡಿದ್ದ ಇಲಿಯಲ್ಲಾದರೆ ಗೆಡ್ಡೆ ಬೆಳೆಯುತ್ತಿತ್ತು. ಅಂದರೆ ಬೆಳಕು ಜೀವಕೋಶ ಕೆಡಿಸೋದರ ಜೊತೆಗೆ ಕಾವಲುಗಾರನನ್ನೂ ಮಲಗಿಸುತ್ತಿತ್ತು. 1983ರಲ್ಲಿ ಎಡ್ವರ್ಡ್ ಡಿ ಫಾಬೊ ಮತ್ತು ಫ್ರಾನ್ಸಿಸ್ ನೂನನ್, ಯಾವ ತರಂಗಾಂತರ ಈ ಕೆಲಸ ಮಾಡುತ್ತೆ ಅಂತ ಅಳೆದು ನೋಡಿದರು. ಅದು ಯುರೋಕ್ಯಾನಿಕ್ ಆಸಿಡ್ ಬೆಳಕು ಹೀರುವ ರೀತಿಗೆ ಹತ್ತಿರವಿತ್ತು. ಟೇಪ್ ಅಂಟಿಸಿ ಹೊರಪದರ ಕಿತ್ತುಹಾಕಿದಾಗ ಪರಿಣಾಮವೂ ಕಾಣಲಿಲ್ಲ. 2006ರಲ್ಲಿ ಸ್ಟೀಫನ್ ಉಲ್ರಿಚ್ ಅವರ ತಂಡ, ಸಿಸ್ ರೂಪ ಸೆರೋಟೋನಿನ್‌ನ ಒಂದು ಗ್ರಾಹಕಕ್ಕೆ ಅಂಟಿಕೊಂಡು ಸಂದೇಶ ಕಳಿಸುತ್ತೆ ಅಂತ ತೋರಿಸಿತು. ಇದೊಂದೇ ದಾರಿ ಅಲ್ಲ. ಡಿಎನ್‌ಎಗೆ ಆಗುವ ಹಾನಿಯೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತೆ.

‘ಬಿಸಿಲಿಗೆ ಹೋದರೆ ಇಮ್ಯುನಿಟಿ ಸತ್ತೇಹೋಗುತ್ತೆ’ ಅಂತ ಯಾರೂ ವಾಟ್ಸಾಪ್ ಫಾರ್ವರ್ಡ್ ಮಾಡಬೇಡಿ. ಇದು ಭಾಗಶಃ, ತಾತ್ಕಾಲಿಕ, ಕೆಲವೊಮ್ಮೆ ಉಪಯುಕ್ತ ಕೂಡ. ಸೋರಿಯಾಸಿಸ್‌ಗೆ ಆಸ್ಪತ್ರೆಗಳಲ್ಲಿ 311 ನ್ಯಾನೋಮೀಟರ್ ಆಸುಪಾಸಿನ ಬೆಳಕು ಕೊಡೋದು ಅತಿಯಾದ ಪ್ರತಿರೋಧವನ್ನು ತಣ್ಣಗಾಗಿಸೋಕೇ. ವಿಟಮಿನ್ ಡಿ ಕೂಡ ಇದೇ ಯುವಿ-ಬಿ ಕಿರಣದ ಕೆಲಸ (ಕಿಟಕಿ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೆ ಅದು ಸಿಗೋದಿಲ್ಲ, ಗಾಜು ಯುವಿ-ಬಿಯನ್ನು ಬಹುತೇಕ ತಡೆಯುತ್ತೆ). ಇನ್ನೊಂದು ಕಡೆ, ಬಿಸಿಲಲ್ಲಿ ಹೆಚ್ಚು ಹೊತ್ತು ಇದ್ದ ಮೇಲೆ ಕೆಲವರಿಗೆ ತುಟಿ ಮೇಲೆ ಹರ್ಪಿಸ್ ಗುಳ್ಳೆ ಮರುಕಳಿಸೋದೂ ಇದೆ.

‘ನ್ಯಾಚುರಲ್’ ಅನ್ನೋ ಲೇಬಲ್ ಅಂಟಿಸಿ ಏನನ್ನಾದರೂ ಮಾರಬಹುದು ಅನ್ನೋರಿಗೆ ಇಲ್ಲೊಂದು ಪಾಠವಿದೆ. ಚರ್ಮದ್ದೇ ಅಣು, ಯುವಿ ಹೀರುತ್ತೆ ಅಂತ ಯುರೋಕ್ಯಾನಿಕ್ ಆಸಿಡ್ಡನ್ನು ಸನ್‌ಸ್ಕ್ರೀನ್, ಕ್ರೀಮ್‌ಗಳಿಗೆ ಸೇರಿಸಲಾಗುತ್ತಿತ್ತು. ಈಗ ಅದು ಯುರೋಪಿಯನ್ ಒಕ್ಕೂಟದಲ್ಲಿ ಸೌಂದರ್ಯವರ್ಧಕಗಳಿಗೆ ನಿಷೇಧಿತ ಪಟ್ಟಿಯಲ್ಲಿದೆ.

ನಮ್ಮದು ಕಪ್ಪು ಚರ್ಮ, ನಮಗೇನೂ ಆಗಲ್ಲ ಅನ್ನೋ ಮಾತು ಅರ್ಧ ಸರಿ. ಮೆಲನಿನ್ ಒಳಗಿನ ಕೋಶಗಳ ಡಿಎನ್‌ಎಯನ್ನು ಚೆನ್ನಾಗಿ ಕಾಯುತ್ತೆ, ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ಆದರೆ ಯುರೋಕ್ಯಾನಿಕ್ ಆಸಿಡ್ ಇರೋದು ಎಲ್ಲಕ್ಕಿಂತ ಮೇಲೆ, ಬೆಳಕು ಮೊದಲು ಮುಟ್ಟೋ ಜಾಗದಲ್ಲಿ.

ನಮ್ಮ ನೀತಿಗಳು ಬಿಸಿಲನ್ನು ಅಳೆಯೋದು ಡಿಗ್ರಿ ಸೆಲ್ಸಿಯಸ್‌ನಲ್ಲಿ. ಏಪ್ರಿಲ್-ಮೇನಲ್ಲಿ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತೆ, ಒಳ್ಳೇದೇ. ಆದರೆ ಅದು ಫ್ಯಾನ್ ಕೆಳಗೆ ಕೂತವರ ವೇಳೆ. ರಸ್ತೆಗೆ ಡಾಂಬರು ಹಾಕೋರು, ಪೌರಕಾರ್ಮಿಕರು, ನರೇಗಾ ಕೂಲಿಗಳು, ಡೆಲಿವರಿ ಹುಡುಗರ ಲೆಕ್ಕ ಬೇರೆ. ಬೆಂಗಳೂರಿನ ತಂಪು ಗಾಳಿಗೂ ಮೋಸ ಹೋಗೋದು ಬೇಡ: ತಾಪಮಾನ ಕಡಿಮೆ ಅಂದರೆ ಯುವಿ ಕಡಿಮೆ ಅಂತಲ್ಲ, ಎತ್ತರದ ಜಾಗದಲ್ಲಿ ಅದು ಸ್ವಲ್ಪ ಹೆಚ್ಚೇ. ವಿಶ್ವ ಆರೋಗ್ಯ ಸಂಸ್ಥೆಯ ಯುವಿ ಸೂಚ್ಯಂಕದಲ್ಲಿ 11 ದಾಟಿದರೆ ‘ವಿಪರೀತ’ ಮಟ್ಟ, ದಕ್ಷಿಣ ಭಾರತದ ಬೇಸಿಗೆ ಮಧ್ಯಾಹ್ನಗಳಲ್ಲಿ ಅದು ಸಾಮಾನ್ಯ. ಇದಕ್ಕೆ ಆ್ಯಪ್ ಕೂಡ ಬೇಕಿಲ್ಲ, ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಯುವಿ ಜೋರಾಗಿದೆ ಅಂತರ್ಥ. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮಲ್ಲಿ ಅದು ಸುಮಾರು ಬೆಳಿಗ್ಗೆ 9.30ರಿಂದ ಮಧ್ಯಾಹ್ನ 3.30ರವರೆಗೆ, ಅಂದರೆ ಹೆಚ್ಚುಕಡಿಮೆ ಒಂದು ಇಡೀ ಕೂಲಿ ದಿನ.