ಕಾಲರಾಕ್ಕೆ ಕುಡಿಯುವ ಮದ್ದು: ಓಆರ್‌ಎಸ್ ಸಂಶೋಧನೆ ನಡೆದುಬಂದ ದಾರಿ

ಕಾಲರಾ ಸಾವು ತರುವುದು ದೇಹದ ನೀರು, ಲವಣಗಳನ್ನು ಬರಿದು ಮಾಡಿ. ಅಕ್ಕಿ ತೊಳೆದ ನೀರಿನಂಥ ಭೇದಿ ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಹುದು. ಕಣ್ಣು ಗುಳಿಬೀಳುತ್ತದೆ, ನಾಡಿ ಕೈಗೆ ಸಿಗದಂತಾಗುತ್ತದೆ. ಕಳೆದುಹೋದುದನ್ನು ತುಂಬಿಕೊಟ್ಟರೆ ರೋಗಿ ಉಳಿಯುತ್ತಾನೆ. ಅದನ್ನು ಹೇಗೆ ತುಂಬಬೇಕು, ಯಾರು ತುಂಬಬೇಕು ಎಂಬುದೇ ಈ ಸಂಶೋಧನೆಯ ಉದ್ದಕ್ಕೂ ಇದ್ದ ಪ್ರಶ್ನೆ.

ಬ್ರಿಟನ್ನಿನಲ್ಲಿ 1831–32ರಲ್ಲಿ ಕಾಲರಾ ಹರಡಿದಾಗ ವಿಲಿಯಂ ಓ’ಶಾನೆಸಿ ರೋಗಿಗಳ ರಕ್ತದಲ್ಲಿ ನೀರು, ಲವಣ ಕುಗ್ಗಿರುವುದನ್ನು ಪರೀಕ್ಷಿಸಿ ತೋರಿಸಿದರು. 1832ರಲ್ಲಿ ಸ್ಕಾಟ್ಲೆಂಡ್‌ನ ಥಾಮಸ್ ಲಟ್ಟಾ ರಕ್ತನಾಳಕ್ಕೆ ಉಪ್ಪುನೀರು ಹಾಯಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಲಿಯೊನಾರ್ಡ್ ರಾಜರ್ಸ್ ಈ ಕ್ರಮವನ್ನು ಸುಧಾರಿಸಿ ಸಾವಿನ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸಿದರು. ಆದರೆ ಹೀಗೆ ರಕ್ತನಾಳಕ್ಕೆ ಹಾಯಿಸುವ ಡ್ರಿಪ್‌ಗೆ ಶುದ್ಧ ದ್ರಾವಣ, ಸೂಜಿ, ನುರಿತ ಸಿಬ್ಬಂದಿ ಎಲ್ಲವೂ ಬೇಕು. ಪಿಡುಗು ಹಬ್ಬುವ ಹಳ್ಳಿಗಳಲ್ಲಿ ಇವು ಯಾವುವೂ ಇರಲಿಲ್ಲ.

ಬಾಯಿಯ ಮೂಲಕ ದ್ರವ ಕೊಡುವ ಪ್ರಯತ್ನವನ್ನು ಕಲ್ಕತ್ತಾದ ಹೇಮೇಂದ್ರನಾಥ ಚಟರ್ಜಿ 1953ರಲ್ಲಿ ವರದಿ ಮಾಡಿದರು. ಅದಕ್ಕೆ ಶಾಸ್ತ್ರೀಯ ಆಧಾರ ಸಿಕ್ಕಿದ್ದು 1960ರಲ್ಲಿ. ಸಣ್ಣಕರುಳಿನ ಗೋಡೆ ಗ್ಲೂಕೋಸ್ ಮತ್ತು ಸೋಡಿಯಂಅನ್ನು ಜೊತೆಯಾಗಿ ಹೀರಿಕೊಳ್ಳುತ್ತದೆ ಎಂದು ರಾಬರ್ಟ್ ಕ್ರೇನ್ ಆ ವರ್ಷ ಪ್ರತಿಪಾದಿಸಿದರು. ಇವೆರಡು ಒಳಹೊಕ್ಕಾಗ ನೀರೂ ಹಿಂಬಾಲಿಸುತ್ತದೆ. ಕಾಲರಾದ ವಿಷ ಈ ವ್ಯವಸ್ಥೆಯನ್ನು ಕೆಡಿಸುವುದಿಲ್ಲ. ಹಾಗಾಗಿ ಭೇದಿ ನಿಲ್ಲದಿದ್ದರೂ ಕುಡಿದ ನೀರು ದೇಹಕ್ಕೆ ದಕ್ಕುತ್ತದೆ. 1968ರಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಮತ್ತು ಸಂಗಡಿಗರು ಢಾಕಾದಲ್ಲಿ ಇದನ್ನು ರೋಗಿಗಳಲ್ಲಿ ಸಾಧಿಸಿ ತೋರಿಸಿದರು. ಡ್ರಿಪ್‌ನ ಅಗತ್ಯ ಸುಮಾರು ಶೇ. 80ರಷ್ಟು ಇಳಿಯಿತು. ಕಲ್ಕತ್ತಾದಲ್ಲಿ ನಥಾನಿಯಲ್ ಪಿಯರ್ಸ್ ಅವರ ತಂಡವೂ ಇದೇ ತೀರ್ಮಾನಕ್ಕೆ ಬಂದಿತು.

ಇವೆಲ್ಲ ಆಸ್ಪತ್ರೆಯ ಕಟ್ಟುನಿಟ್ಟಿನ ನಿಗಾದಲ್ಲಿ ನಡೆದ ಪ್ರಯೋಗಗಳು. 1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ಗೆ ಲಕ್ಷಗಟ್ಟಲೆ ಬಂದಿಳಿದಾಗ ಅಲ್ಲಿ ಕಾಲರಾ ಕಾಣಿಸಿಕೊಂಡಿತು. ಆಸ್ಪತ್ರೆಯ ನೆಲದ ಮೇಲೂ ರೋಗಿಗಳು. ಡ್ರಿಪ್ ದ್ರಾವಣ ಬೇಗನೆ ಮುಗಿಯತೊಡಗಿತು. ಡಾ. ದಿಲೀಪ್ ಮಹಾಲನೋಬಿಸ್ ಕುಡಿಯುವ ದ್ರಾವಣದ (ಓಆರ್‌ಎಸ್) ಮೊರೆಹೋದರು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲ್ಕತ್ತಾದಲ್ಲಿ ಈ ಪುಡಿಯನ್ನು ತೂಗಿ, ಪಾಲಿಥೀನ್ ಚೀಲಗಳಿಗೆ ತುಂಬಿ ಕಳಿಸಲಾಯಿತು. ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಅದನ್ನು ಕದಡಿಟ್ಟರು. ರೋಗಿಯ ಮನೆಯವರೇ ಲೋಟದಲ್ಲಿ ಹಿಡಿದು ತಂದು ಕುಡಿಸಿದರು. ತಂಡದ ಆರೈಕೆಯಲ್ಲಿದ್ದ 3,000ಕ್ಕೂ ಹೆಚ್ಚು ರೋಗಿಗಳಲ್ಲಿ ಸಾವು ಶೇ. 3.6ಕ್ಕೆ ಇಳಿಯಿತು, ಅದಕ್ಕೆ ಮುಂಚೆ ಶೇ. 30ರಷ್ಟಿತ್ತು. 1973ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ನಿಯತಕಾಲಿಕದಲ್ಲಿ ಈ ವರದಿ ಪ್ರಕಟವಾಯಿತು. ತರಬೇತಿಯಿಲ್ಲದವರ ಕೈಯಲ್ಲೂ ಈ ಚಿಕಿತ್ಸೆ ಫಲಿಸುತ್ತದೆ ಎಂಬುದು ಅದರ ಮುಖ್ಯ ಶೋಧ. ಮುಂದಿನ ಕೆಲಸಕ್ಕೆಲ್ಲ ಧೈರ್ಯ ಕೊಟ್ಟಿದ್ದು ಇದೇ.

1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ, ಕರುಳು ಗ್ಲೂಕೋಸ್ ಮತ್ತು ಸೋಡಿಯಂ ಅನ್ನು ಜೊತೆಯಾಗಿ ಹೀರಿಕೊಳ್ಳುತ್ತದೆ ಎಂಬ ಶೋಧವನ್ನು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಲ್ಲುದೆಂದು ಬಣ್ಣಿಸಿತು. 1980ರಿಂದ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಲೆಕ್ಕವನ್ನು ತಾಯಂದಿರಿಗೆ ಕಲಿಸಿದರು. ಓಆರ್‌ಎಸ್ ಪುಡಿಯ ಪೊಟ್ಟಣ ಬಹುಕಾಲ ಕೆಡದಿರಲೆಂದು ಸೋಡಾದ ಬದಲು ಸಿಟ್ರೇಟ್ ಬಂತು. 2002ರಲ್ಲಿ ಲವಣ, ಗ್ಲೂಕೋಸ್ ಎರಡನ್ನೂ ತಗ್ಗಿಸಿ ದ್ರಾವಣದ ಸಾಂದ್ರತೆಯನ್ನು ಲೀಟರಿಗೆ 311ರಿಂದ 245 ಮಿಲಿಆಸ್ಮೋಲ್‌ಗೆ ಇಳಿಸಲಾಯಿತು. ಇದರಿಂದ ಮಕ್ಕಳಲ್ಲಿ ವಾಂತಿಯೂ ಭೇದಿಯ ಪ್ರಮಾಣವೂ ಕಡಿಮೆಯಾದವು. 2004ರಲ್ಲಿ ಮಕ್ಕಳ ಅತಿಸಾರಕ್ಕೆ ಓಆರ್‌ಎಸ್ ಜೊತೆ 10ರಿಂದ 14 ದಿನ ಸತು ಕೊಡುವ ಶಿಫಾರಸು ಸೇರಿತು. ಪ್ರಜ್ಞೆ ತಪ್ಪುವಷ್ಟು ನಿತ್ರಾಣಗೊಂಡವರಿಗೆ ಡ್ರಿಪ್ ಇಂದಿಗೂ ಅನಿವಾರ್ಯ. ಉಳಿದ ಬಹುಪಾಲು ರೋಗಿಗಳಿಗೆ ಕುಡಿಯುವ ದ್ರಾವಣವೇ ಸಾಕು. ಕರ್ನಾಟಕವೂ ಸೇರಿದಂತೆ ದೇಶದೆಲ್ಲೆಡೆ ಆಶಾ ಕಾರ್ಯಕರ್ತೆಯರು ಮನೆಗೆ ತಲುಪಿಸುವ ಪೊಟ್ಟಣದಲ್ಲಿರುವುದು ಈ ಪರಿಷ್ಕೃತ ಮಿಶ್ರಣವೇ.