ಮೂತ್ರದಲ್ಲಿ ಬೆಳವಣಿಗೆ ಹಾರ್ಮೋನಿನ ಮಾಪನ

ಪಿಟ್ಯುಟರಿ ಗ್ರಂಥಿ ಸ್ರವಿಸುವ ಬೆಳವಣಿಗೆ ಹಾರ್ಮೋನು ಮೂತ್ರದಲ್ಲಿ ಎಷ್ಟಿದೆಯೆಂದು ಅಳೆದು, ಸ್ರಾವದ ಕೊರತೆಯನ್ನೋ ಅತಿರೇಕವನ್ನೋ ಅಂದಾಜಿಸುವ ವಿಧಾನ. ಸಂಶೋಧನೆಯಲ್ಲಿ ಇದಕ್ಕೆ ಬೆಲೆಯುಂಟು. ರೋಗನಿರ್ಣಯಕ್ಕೆ ಇದೊಂದನ್ನೇ ನೆಚ್ಚುವಂತಿಲ್ಲ.

ಹಿನ್ನೆಲೆ

ಈ ಹಾರ್ಮೋನು ರಕ್ತಕ್ಕೆ ಒಂದೇ ಸಮನೆ ಸೇರುವುದಿಲ್ಲ. ಬಿಟ್ಟುಬಿಟ್ಟು, ಹೆಚ್ಚಾಗಿ ರಾತ್ರಿಯ ಗಾಢನಿದ್ರೆಯಲ್ಲಿ ಸೇರಿ, ಸುಮಾರು 20 ನಿಮಿಷಗಳಲ್ಲಿ ಅರ್ಧದಷ್ಟು ಕರಗಿಹೋಗುತ್ತದೆ. ಆರೋಗ್ಯವಂತ ಮಗುವಿನಲ್ಲೂ ಹಗಲಿನ ರಕ್ತದ ಮಟ್ಟ ತೀರ ಕಡಿಮೆಯಿರಬಹುದು. ಇರುಳಿಡೀ ಮತ್ತೆ ಮತ್ತೆ ಸೂಜಿ ಚುಚ್ಚುವ ಬದಲು, ರಾತ್ರಿಯ ಮೂತ್ರದಿಂದಲೇ ಒಟ್ಟು ಸ್ರಾವವನ್ನು ತಿಳಿಯಬಹುದೆಂಬುದು ಈ ವಿಧಾನದ ಮೂಲ ಆಶಯ.

ರೊಸಾಲಿನ್ ಯಾಲೊ, ಸೊಲೊಮನ್ ಬೆರ್ಸನ್ ಮತ್ತು ಸಂಗಡಿಗರು 1963ರಲ್ಲಿ ವಿಕಿರಣ ಪ್ರತಿಕಾಯ ವಿಧಾನದಿಂದ ಈ ಹಾರ್ಮೋನನ್ನು ಪ್ಲಾಸ್ಮಾದಲ್ಲಿ ಅಳೆದರು. ಮೂತ್ರ ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಅದರಲ್ಲಿರುವುದು ಲೀಟರಿಗೆ ಕೆಲವೇ ನ್ಯಾನೊಗ್ರಾಂ. ಮೇಲಾಗಿ ಯೂರಿಯಾ, ಲವಣಗಳು ಪ್ರತಿಕಾಯದ ಬಂಧವನ್ನು ಕೆಡಿಸುತ್ತವೆ. 1980ರ ದಶಕದಲ್ಲಿ ಜಪಾನಿನ ಏಜಿ ಇಶಿಕಾವ ಮತ್ತು ಸಂಗಡಿಗರು ರೂಪಿಸಿದ ಅತಿಸೂಕ್ಷ್ಮ ಕಿಣ್ವ-ಪ್ರತಿಕಾಯ ವಿಧಾನದಲ್ಲಿ ಹಾರ್ಮೋನನ್ನು ಎರಡು ಪ್ರತಿಕಾಯಗಳ ನಡುವೆ ಸೆರೆಹಿಡಿಯಲಾಗುತ್ತದೆ. ನೇರ ಮಾಪನಕ್ಕೆ ದಾರಿ ತೆರೆದದ್ದು ಇಂಥ ವಿಧಾನಗಳೇ.

ಮೂತ್ರಪಿಂಡದ ಪಾತ್ರ

ಫಲಿತಾಂಶದ ಅರ್ಥ ನಿಂತಿರುವುದು ಇಲ್ಲಿ. ಸುಮಾರು 22,000 ಡಾಲ್ಟನ್ ತೂಕದ ಈ ಪ್ರೋಟೀನು ಅಲ್ಬುಮಿನ್‌ಗಿಂತ ಬಹಳ ಚಿಕ್ಕದು. ಮೂತ್ರಪಿಂಡದ ಸೋಸುಗುಚ್ಛಗಳನ್ನು ದಾಟಿ ನಾಳಿಕೆಗಳಿಗೆ ಇಳಿಯುತ್ತದೆ. ಅಲ್ಲಿನ ಕೋಶಗಳು ಅದನ್ನು ಬಹುತೇಕ ಪೂರ್ತಿಯಾಗಿ ಹೀರಿ ಅಮೈನೊ ಆಮ್ಲಗಳಾಗಿ ಒಡೆಯುತ್ತವೆ. ಸ್ರಾವದ ಶೇ. 0.01ಕ್ಕೂ ಕಡಿಮೆ ಭಾಗ ಮೂತ್ರ ಸೇರುತ್ತದೆ. ಹೀರಿಕೆ ಶೇ. 99.99ರಿಂದ 99.98ಕ್ಕೆ ಇಳಿದರೆ ಸಾಕು, ಪಿಟ್ಯುಟರಿಯಲ್ಲಿ ಏನೂ ಬದಲಾಗದೆ ಮೂತ್ರದ ಪ್ರಮಾಣ ಇಮ್ಮಡಿಯಾಗುತ್ತದೆ. ಮೂತ್ರಪಿಂಡದ ಕಾಯಿಲೆಯಲ್ಲಿ, ಕಠಿಣ ವ್ಯಾಯಾಮದ ಬಳಿಕ, ದಿನ ತುಂಬದೆ ಹುಟ್ಟಿದ ಶಿಶುಗಳಲ್ಲಿ ಅಂಕಿ ಏರಲು ಇದೂ ಒಂದು ಕಾರಣ. ಮೂತ್ರದ ಸಾಂದ್ರತೆಯನ್ನು ಸೂಚಿಸುವ ಕ್ರಿಯಾಟಿನಿನ್‌ಗೆ ಹೋಲಿಸಿ ಸರಿದೂಗಿಸುವುದು ರೂಢಿಯಾದರೂ ನಾಳಿಕೆಯ ಏರುಪೇರನ್ನು ಅದು ಸರಿಪಡಿಸದು.

ಬಳಕೆ

ಕೈಕಾಲು, ದವಡೆ ಹಿಗ್ಗುವ ಆಕ್ರೋಮೆಗಲಿಯಲ್ಲಿ ಮೂತ್ರದ ಹಾರ್ಮೋನು ಸಾಮಾನ್ಯವಾಗಿ ಹೆಚ್ಚು. ಕೊರತೆಯ ಮಕ್ಕಳ ಅಂಕಿಗಳಾದರೋ ಆರೋಗ್ಯವಂತರ ಅಂಕಿಗಳೊಡನೆ ಬೆರೆತುಹೋಗುತ್ತವೆ. ಒಂದೇ ಮಗುವಿನಲ್ಲೂ ರಾತ್ರಿಯಿಂದ ರಾತ್ರಿಗೆ ವ್ಯತ್ಯಾಸ ಕಾಣುತ್ತದೆ. ಆದ್ದರಿಂದ ಇಂದಿಗೂ ನಿರ್ಣಾಯಕವೆನಿಸಿರುವುವು ಈ ಹಾರ್ಮೋನಿನ ಪ್ರಭಾವದಿಂದ ದೇಹದಲ್ಲಿ ಉಂಟಾಗುವ ಐಜಿಎಫ್-1 ಎಂಬ ಪ್ರೋಟೀನಿನ ರಕ್ತಮಟ್ಟ, ಅತಿಸ್ರಾವಕ್ಕೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆ, ಕೊರತೆಗೆ ಇನ್ಸುಲಿನ್, ಕ್ಲೊನಿಡಿನ್ ಮುಂತಾದವುಗಳಿಂದ ಸ್ರಾವವನ್ನು ಪ್ರಚೋದಿಸುವ ಪರೀಕ್ಷೆಗಳು. ಮೂತ್ರದ ಅಂಕಿ ಕಡಿಮೆಯೆಂಬ ಒಂದೇ ಕಾರಣಕ್ಕೆ ಕುಳ್ಳಗಿರುವ ಮಗುವಿಗೆ ಹಾರ್ಮೋನು ಚುಚ್ಚುಮದ್ದು ಆರಂಭಿಸುವುದು ಸರಿಯಲ್ಲ.